ಹಳೇ ಪಿಕಪ್‌ಗೆ ಮುಂದೆ ಡಿಸ್ಕ್ ಬ್ರೇಕ್: ಕಡಿಮೆ ಖರ್ಚಲ್ಲಿ ಆಗುತ್ತಾ?

ನಿಮ್ಮ ಹಳೇ ಪಿಕಪ್‌ನಲ್ಲಿ ನಂದಿ ಬೆಟ್ಟದಂಥ ಇಳಿಜಾರು ಇಳಿಯುವಾಗ ಡ್ರಮ್ ಕಾದು ಬ್ರೇಕ್ ಹಿಡಿಯದಿದ್ದರೆ, ಮುಂದಿನ ಚಕ್ರಗಳಿಗೆ ಡಿಸ್ಕ್ ಹಾಕಿಸಿದರೆ ಖಂಡಿತ ವ್ಯತ್ಯಾಸ ಗೊತ್ತಾಗುತ್ತದೆ. ಹೊಸ ಕಿಟ್‌ಗೆ ದುಡ್ಡು ಸುರಿಯಬೇಡಿ. ಡಿಸ್ಕ್ ಇರುವ ಒಂದೇ ಗಾಡಿಯಿಂದ ಸ್ಟೀರಿಂಗ್ ನಕಲ್ (ಹಬ್ ಕೂರುವ, ಚಕ್ರದ ಜೊತೆ ತಿರುಗುವ ಭಾಗ), ಹಬ್, ಡಿಸ್ಕ್, ಕ್ಯಾಲಿಪರ್ (ಪ್ಯಾಡ್ ಒತ್ತಿ ಡಿಸ್ಕ್ ಹಿಡಿಯುವ ಭಾಗ) ಎಲ್ಲಾ ಸೆಟ್ಟಾಗಿ ಗುಜರಿಯಲ್ಲಿ ತನ್ನಿ. ಒಂದೊಂದು ಒಂದೊಂದು ಗಾಡಿಯದ್ದು ತಂದು ಜೋಡಿಸಲು ಹೋದರೆ ಲೇತ್ ಕೂಲಿಯೇ ಜಾಸ್ತಿ ಆಗುತ್ತದೆ. ಕೊಳ್ಳುವ ಮೊದಲು ನಿಮ್ಮ ಆಕ್ಸಲ್‌ಗೆ ಕೂರುತ್ತಾ, ವೀಲ್ ಬೋಲ್ಟ್ ಅಂತರ ಸರಿಯಿದೆಯಾ, ರಿಮ್ ಒಳಗೆ ಕ್ಯಾಲಿಪರ್‌ಗೆ ಜಾಗ ಇದೆಯಾ ಅಳೆಯಿರಿ. ಸೀಲ್, ಪ್ಯಾಡ್, ಹೋಸ್ ಮಾತ್ರ ಹೊಸದೇ ಹಾಕಿ. ಅಲ್ಲಿ ಜುಗ್ಗತನ ಬೇಡ.

ತುಂಬಾ ಜನ ಎಡವೋದು ಮಾಸ್ಟರ್ ಸಿಲಿಂಡರ್‌ನಲ್ಲಿ, ಅಂದ್ರೆ ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳುವ ಭಾಗದಲ್ಲಿ. ಹಳೇ ಡ್ರಮ್ ಬ್ರೇಕ್‌ನ ಮಾಸ್ಟರ್ ಸಿಲಿಂಡರ್‌ಗಳಲ್ಲಿ ಸಾಮಾನ್ಯವಾಗಿ ಲೈನಲ್ಲಿ ಸುಮಾರು 10 ಪಿಎಸ್‌ಐ ಒತ್ತಡ ಉಳಿಸುವ ವಾಲ್ವ್ ಇರುತ್ತದೆ, ಅದನ್ನು ಹಾಗೇ ಬಿಟ್ಟರೆ ಪೆಡಲ್ ಬಿಟ್ಟರೂ ಪ್ಯಾಡ್ ಉಜ್ಜುತ್ತಲೇ ಇರುತ್ತದೆ. ಕ್ಯಾಲಿಪರ್‌ಗೆ ಬ್ರೇಕ್ ಆಯಿಲ್ ಕೂಡ ಜಾಸ್ತಿ ಬೇಕು. ಅದಕ್ಕೆ ಮುಂದೆ ಡಿಸ್ಕ್, ಹಿಂದೆ ಡ್ರಮ್ ಇರುವ ಗಾಡಿಯ ಟ್ಯಾಂಡಮ್ (ಎರಡು ಪ್ರತ್ಯೇಕ ಲೈನ್ ಇರುವ) ಮಾಸ್ಟರ್ ಸಿಲಿಂಡರ್ ಹಾಕಿ. ಜೊತೆಗೆ ಹಿಂದಿನ ಬ್ರೇಕ್‌ಗೆ ಹೋಗುವ ಒತ್ತಡ ತಗ್ಗಿಸುವ ಪ್ರೊಪೋರ್ಷನಿಂಗ್ ವಾಲ್ವ್ ಇರಲಿ, ಇಲ್ಲಾಂದ್ರೆ ಖಾಲಿ ಗಾಡಿಯಲ್ಲಿ ಹಿಂದಿನ ಚಕ್ರ ಮೊದಲು ಲಾಕ್ ಆಗಬಹುದು. ಪೆಡಲ್ ಹಗುರ ಮಾಡುವ ವ್ಯಾಕ್ಯೂಮ್ ಬೂಸ್ಟರ್ ಹಾಕೋದಾದರೆ ಡೀಸೆಲ್ ಎಂಜಿನ್‌ಗೆ ವ್ಯಾಕ್ಯೂಮ್ ಪಂಪ್ ಬೇಕೇ ಬೇಕು.

ಕೆಲಸ ಶುರು ಮಾಡುವ ಮೊದಲು ಆರ್‌ಟಿಒದಲ್ಲಿ ಒಂದು ಮಾತು ಕೇಳಿ, ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟ್) ಹೋದಾಗ ರಗಳೆ ಬೇಡ ಅಲ್ವಾ.