ಉತ್ತರ: ವಾರಕ್ಕೆ ಮೂರು ಅರ್ಧ ದಿನ ಮಗು ನೋಡಿಕೊಳ್ಳುವವರು ಬೇಕು, ಯಾರೂ ಒಪ್ಪುತ್ತಿಲ್ಲ

ಹೊಲಿಗೆ ಗುಂಪಿನಲ್ಲಿ ಮಗುವಿನ ಪ್ರಶ್ನೆ ಹಾಕಿದ್ದಕ್ಕೆ ಕ್ಷಮೆ ಯಾಕೆ ಕೇಳುತ್ತೀರಿ? ಇಲ್ಲಿ ಎಷ್ಟೋ ಜನ ಮಗು ಮಲಗಿದ ಮೇಲೇ ಮಿಷನ್ ಮುಂದೆ ಕೂರುವವರು. ನಿಮ್ಮ ಮಗಳಿಗೆ ಒಂದೂವರೆ ವರ್ಷ. ವಾರಕ್ಕೆ ಮೂರು ಅರ್ಧ ದಿನ ಸಾಕು, ಆದರೆ ಯಾವ ಮೂರು ದಿನ ಅನ್ನುವುದು ಆರ್ಡರ್ ಬಂದ ಮೇಲೇ ಗೊತ್ತಾಗುತ್ತದೆ. ಕೇಳಿದವರೆಲ್ಲ ಇಡೀ ದಿನ ಆದರೆ ಮಾತ್ರ ಸರಿ ಅನ್ನುತ್ತಿದ್ದಾರೆ. ಇಷ್ಟೇ ಅಲ್ವಾ? ನಾನೂ ಇದರಲ್ಲಿ ಸಾಕಷ್ಟು ಪೆಟ್ಟು ತಿಂದವಳು, ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ಮೊದಲ ಸಲ ನಾನು ಹೇಳಿದ್ದು, "ಬೇಕಾದಾಗ ಕರೆಯುತ್ತೇನೆ, ಬಂದಷ್ಟು ಗಂಟೆಗೆ ದುಡ್ಡು ಕೊಡುತ್ತೇನೆ" ಅಂತ. ಒಳ್ಳೆಯ ಹೆಂಗಸು ಸಿಕ್ಕಿದ್ದರು, ಮಗನೂ ಹೊಂದಿಕೊಂಡಿದ್ದ. ಆಮೇಲೆ ಒಂದೇ ವಾರದಲ್ಲಿ ಎರಡು ಸಲ ಹಿಂದಿನ ರಾತ್ರಿ ಫೋನ್ ಮಾಡಿ "ನಾಳೆ ಬೇಡ" ಅಂದೆ. ಐದನೇ ವಾರಕ್ಕೆ ಅವರು ಬೇರೆ ಮನೆ ಹಿಡಿದರು. ಆಗ ಸಿಟ್ಟು ಬಂದಿತ್ತು. ಈಗ ಅನಿಸುತ್ತದೆ, ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ನನಗೆ ಬೇಡವಾದ ದಿನ ಅವರಿಗೆ ಸಂಬಳವಿಲ್ಲದ ದಿನ. ಆ ದಿನವನ್ನು ಬೇರೆಯವರಿಗೆ ಕೊಡುವ ಹಾಗೂ ಇರಲಿಲ್ಲ.

ಹಾಗಾಗಿ ಮೂರರಲ್ಲಿ ಎರಡು ಅರ್ಧ ದಿನವನ್ನು ಗಟ್ಟಿ ಮಾಡಿಬಿಡಿ. ಮಗುವನ್ನು ಕಳಿಸಿದರೂ ಕಳಿಸದಿದ್ದರೂ ಆ ಎರಡಕ್ಕೆ ದುಡ್ಡು ಕೊಡಿ. ಮೂರನೆಯದು ಮಾತ್ರ ಆಚೀಚೆ ಆಗಲಿ, ಅದನ್ನೂ ಎರಡು ದಿನ ಮೊದಲೇ ಹೇಳಿ. ನಷ್ಟ ಅನಿಸುತ್ತದೆ, ನನಗೂ ಅನಿಸಿತ್ತು. ಆದರೆ ಹೀಗೆ ಹೇಳಿದ ಮೇಲೆ ಮಾತಿನ ಧಾಟಿಯೇ ಬದಲಾಯಿತು. ಆಗಲ್ಲ ಅಂದಿದ್ದವರೇ "ಯಾವ ಎರಡು ದಿನ?" ಅಂತ ಕೇಳಿದರು. ಆ ದಿನ ಆರ್ಡರ್ ಇಲ್ಲದಿದ್ದರೆ ಕಟಿಂಗ್ ಮಾಡಿಟ್ಟುಕೊಳ್ಳಿ, ಇಲ್ಲವಾದರೆ ಸುಮ್ನೆ ನಿದ್ದೆ ಮಾಡಿ.

ಸಾಧ್ಯವಾದರೆ ಆ ಎರಡು ದಿನ ಒಂದರ ಹಿಂದೆ ಒಂದು ಇರಲಿ. ಮಧ್ಯೆ ಮೂರು ನಾಲ್ಕು ದಿನ ಬಿಟ್ಟುಹೋದರೆ ಈ ವಯಸ್ಸಿನವರಿಗೆ ಪ್ರತಿ ಸಲವೂ ಮೊದಲ ದಿನದ ಹಾಗೇ. ಅಮ್ಮ ಕಣ್ಣಿಗೆ ಕಾಣದಿದ್ದರೆ ಅಳುವುದು ಸಾಮಾನ್ಯವಾಗಿ 10ರಿಂದ 18 ತಿಂಗಳಲ್ಲೇ ಜಾಸ್ತಿ. ನಿಮ್ಮವಳು ಆ ಘಟ್ಟದ ಕೊನೆಯಲ್ಲಿದ್ದಾಳೆ. ಮೊದಲ ಎರಡು ವಾರದ ಅಳು ನೋಡಿ ಜನ ಸರಿಯಿಲ್ಲ ಅಂದುಕೊಳ್ಳಬೇಡಿ. ನೀವು ಹೋದ ಕಾಲು ಗಂಟೆಯಲ್ಲಿ ಸಮಾಧಾನವಾಗುತ್ತಾಳಾ ಅಂತ ಕೇಳಿ, ಅದು ಮುಖ್ಯ.

ಎಲ್ಲಿ ಹುಡುಕುವುದು? ಇಡೀ ದಿನದ ಕೆಲಸ ಹುಡುಕುತ್ತಿರುವವರ ಹತ್ತಿರ ಅರ್ಧ ದಿನ ಕೇಳಿ ಪ್ರಯೋಜನವಿಲ್ಲ. ಅರ್ಧ ದಿನವೇ ಬೇಕಾದವರನ್ನು ಹುಡುಕಿ. ಬೆಳಿಗ್ಗೆ ಮಾತ್ರ ಕ್ಲಾಸ್ ಇರುವ ಕಾಲೇಜು ಹುಡುಗಿ, ನಿವೃತ್ತರಾದವರು, ಸ್ವಂತ ಮಗು ಶಾಲೆಯಲ್ಲಿರುವ ಹೊತ್ತಿಗೆ ಬಿಡುವಿರುವ ತಾಯಿ. ಡೇಕೇರ್‌ನವರು ಅರ್ಧ ಸೀಟು ಕೊಡುವುದಿಲ್ಲ ಅಂದರೆ ಅಲ್ಲಿಗೇ ಬಿಡಬೇಡಿ. ನಿಮ್ಮ ಹಾಗೇ ಅರ್ಧ ದಿನ ಬೇಕಾದ ಇನ್ನೊಂದು ಮನೆ ಇದೆಯಾ ಅಂತ ಅವರನ್ನೇ ಕೇಳಿ. ಒಬ್ಬರು ಬೆಳಿಗ್ಗೆ, ಒಬ್ಬರು ಮಧ್ಯಾಹ್ನ. ಸೀಟು ತುಂಬಿದರೆ ಅವರಿಗೂ ಅಡ್ಡಿಯಿರುವುದಿಲ್ಲ.

ದುಡ್ಡೇ ಕಷ್ಟ ಅನ್ನುವವರು ಇನ್ನೊಬ್ಬ ತಾಯಿಯ ಜೊತೆ ಗಂಟೆ ಬದಲಾಯಿಸಿಕೊಳ್ಳಬಹುದು. ಆದರೆ ಪುಸ್ತಕದಲ್ಲಿ ಬರೆದಿಡಿ. "ನಮ್ಮ ನಮ್ಮಲ್ಲಿ ಲೆಕ್ಕ ಯಾಕೆ" ಅಂದ ಸ್ನೇಹ ಮೂರು ತಿಂಗಳಲ್ಲಿ ಹಳಸಿದ್ದನ್ನು ನೋಡಿದ್ದೇನೆ.

ಮಾತನಾಡಲು ಹೋದಾಗ "ಮಕ್ಕಳು ಅಂದರೆ ಇಷ್ಟಾನಾ?" ಅಂತ ಕೇಳಬೇಡಿ, ಇಲ್ಲ ಅನ್ನುವವರು ಯಾರು? "ಗಂಟಲಲ್ಲಿ ಏನಾದರೂ ಸಿಕ್ಕಿಕೊಂಡರೆ ಏನು ಮಾಡುತ್ತೀರಿ?" ಅಂತ ಕೇಳಿ. ಬಾಯಿಗೆ ಬೆರಳು ಹಾಕಿ ತಡಕುತ್ತೇನೆ ಅಂದರೆ ತಪ್ಪು, ಸಿಕ್ಕಿಕೊಂಡದ್ದು ಇನ್ನೂ ಒಳಗೆ ಹೋಗಬಹುದು. ಪ್ರಥಮ ಚಿಕಿತ್ಸೆ ಕಲಿಯಲು ಒಪ್ಪುತ್ತಾರಾ ನೋಡಿ, ನೀವೂ ಕಲಿಯಿರಿ. ಬಕೆಟ್‌ನಲ್ಲಿ ನೀರು ತುಂಬಿಟ್ಟಿದ್ದಾರಾ ಅಂತಲೂ ಗಮನಿಸಿ. ಪುಟ್ಟ ಮಕ್ಕಳು ಮುಳುಗಲು 5 ಸೆಂಟಿಮೀಟರ್ ನೀರು ಸಾಕು. ನಮ್ಮ ಹೊಲಿಗೆ ಮನೆಗಳಲ್ಲಿ ಸೂಜಿ, ಗುಂಡಿ ಇರುತ್ತವೆ ಅಂತ ಎಲ್ಲರಿಗೂ ಗೊತ್ತು. ಗುಂಡಿಯಷ್ಟೇ ಇರುವ ಬ್ಯಾಟರಿ ಮಾತ್ರ ಯಾರಿಗೂ ನೆನಪಾಗುವುದಿಲ್ಲ. ಅದನ್ನು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಹುದು. ರಿಮೋಟ್, ಹಾಡುವ ಆಟಿಕೆಗಳ ಹಿಂದಿನ ಮುಚ್ಚಳ ಸ್ಕ್ರೂನಿಂದ ಬಿಗಿಯಾಗಿದೆಯಾ ನೋಡಿ. ಡೇಕೇರ್ ಆದರೆ ಈ ವಯಸ್ಸಿನ ಮೂರು ನಾಲ್ಕು ಮಕ್ಕಳಿಗೆ ಒಬ್ಬರು ಇರಬೇಕು. ಎಂಟು ಮಕ್ಕಳಿಗೆ ಒಬ್ಬರೇ ಇದ್ದರೆ ಗೋಡೆಯ ಚಿತ್ರ ಎಷ್ಟೇ ಚೆನ್ನಾಗಿದ್ದರೂ ವಾಪಸ್ ಬನ್ನಿ.

ಜ್ವರದ ದಿನದ ಮಾತು ಮೊದಲೇ ಆಗಿರಲಿ. ಔಷಧಿ ಇಲ್ಲದೆ 24 ಗಂಟೆ ಜ್ವರ ಬರದಿದ್ದರೆ ಮಾತ್ರ ಮತ್ತೆ ಕಳಿಸುವುದು ಅಂತ ಎಷ್ಟೋ ಕಡೆ ನಿಯಮ ಇರುತ್ತದೆ, ಅದು ಸರಿಯೇ. ಬೇರೆ ಮಕ್ಕಳ ಜೊತೆ ಬೆರೆತ ಮೊದಲ ವರ್ಷ ನೆಗಡಿ ಬಿಡುವುದೇ ಇಲ್ಲ. ಹಾಗಾಗಿ ಗಿರಾಕಿಗೆ ತಾರೀಕು ಹೇಳುವಾಗ ಹೊಲಿಗೆಗೆ ಅಂಚು ಬಿಡುವ ಹಾಗೆ ಎರಡು ದಿನ ಬಿಟ್ಟು ಹೇಳಿ. ನೋಡಿಕೊಳ್ಳುವವರಿಗೇ ಹುಷಾರಿಲ್ಲದಿದ್ದರೆ ಯಾರು ಅನ್ನುವುದಕ್ಕೂ ಒಂದು ಹೆಸರು ಇರಲಿ. ಮಗು ಅವರನ್ನು ಮೊದಲೇ ನೋಡಿರಬೇಕು.

ಮೊದಲ ದಿನ ನೀವೂ ಒಂದು ಗಂಟೆ ಅಲ್ಲೇ ಕೂತಿರಿ. ಎರಡನೇ ದಿನ ಅರ್ಧ ಗಂಟೆ ಹೊರಗೆ ಹೋಗಿ ಬನ್ನಿ. ಆಮೇಲೆ ಸಮಯ ಹೆಚ್ಚಿಸುತ್ತಾ ಹೋಗಿ, ಈ ದಿನಗಳಿಗೂ ದುಡ್ಡು ಕೊಡಿ. ಹೊರಡುವಾಗ ಕದ್ದು ಮಾತ್ರ ಹೋಗಬೇಡಿ. ಟಾಟಾ ಹೇಳಿ, ಮಲಗಿ ಎದ್ದ ಮೇಲೆ ಬರುತ್ತೇನೆ ಅನ್ನಿ, ತಿರುಗಿ ನೋಡದೆ ಹೊರಡಿ. ನನ್ನ ಮಗ ಬಾಗಿಲ ಹತ್ತಿರ ಅತ್ತದ್ದು ಒಂಬತ್ತು ದಿನ. ಹತ್ತನೇ ದಿನ ನನ್ನ ಚೀಲ ತಾನೇ ಎತ್ತಿ ಕೈಗೆ ಕೊಟ್ಟ. ಆವತ್ತು ದಾರಿಯಲ್ಲಿ ಅತ್ತವಳು ನಾನು.