ಕೊಟ್ಟಿಗೆ ಖಾಲಿ ಮಾಡ್ಬೇಕಾ? ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗಬಾರದು ಅಂತ ವಯಸ್ಸು, ಪ್ರಾಣಿಗಳ ಲೆಕ್ಕ, ಮನೆ ವಿವರ ಎಲ್ಲಾ ಬದಲಾಯಿಸಿದ್ದೀನಿ.)

ಬಂದಿದ್ದು ತಾಯಿ, ಮಗ. ತಾಯಿಗೆ 58, ಕೈಕಾಲಿನ ಕೀಲುಗಳಲ್ಲಿ ರುಮಟಾಯ್ಡ್ ಆರ್ಥ್ರೈಟಿಸ್, ಅಂದ್ರೆ ಕೀಲು ಊದಿ ನೋಯೋ ಕಾಯಿಲೆ. ಐದು ಹಸು, ಒಂದಷ್ಟು ಮೇಕೆ, ನೋಡ್ಕೊಳ್ಳೋದು ಹೆಚ್ಚುಕಮ್ಮಿ ಅವರೊಬ್ಬರೇ. ಮಗ ಕೂತ್ಕೊಳ್ಳೋಕೆ ಮುಂಚೇನೇ "ಎಲ್ಲಾ ಮಾರಿಬಿಡಿ ಅಂತ ನೀವೇ ಹೇಳಿ ಸರ್, ಅಮ್ಮ ನನ್ ಮಾತು ಕೇಳಲ್ಲ" ಅಂದ್ರು. ಅಮ್ಮ ತುಟಿ ಬಿಚ್ಚಲಿಲ್ಲ. ಮಾತಾಡ್ತಾ ಗೊತ್ತಾಯ್ತು, ಅಮ್ಮ ಆಸ್ಪತ್ರೇಲಿದ್ದಾಗ ಮಗ ಒಂದು ಹಸು ಮಾರಿಬಿಟ್ಟಿದ್ರು, ಒಳ್ಳೇ ಮನಸ್ಸಿಂದಾನೇ, ಆದ್ರೆ ಕೇಳ್ದೇ. ಕೈಲಾಗ್ತಿಲ್ಲ ಅನ್ನೋದನ್ನ ಅಮ್ಮನೂ ಒಪ್ತಿದ್ರು, ಒಪ್ಪೋಕಾಗದೇ ಇದ್ದಿದ್ದು ಇದೊಂದನ್ನ.

ಮಗನ್ನ ಸ್ವಲ್ಪ ಹೊತ್ತು ಹೊರಗೆ ಕೂರಿಸ್ದೆ. ಆಗ ಅಮ್ಮ ಹೇಳಿದ್ದು, "ಹಸು ಇಲ್ದಿದ್ರೆ ನಾನು ಬೆಳಗ್ಗೆ ಯಾಕಾದ್ರೂ ಏಳ್ಬೇಕು?" ಇಂಥ ಮಾತು ಬಂದಾಗ ಬದುಕೋದೇ ಬೇಡ ಅನ್ಸಿದೆಯಾ ಅಂತ ನಾನು ನೇರವಾಗೇ ಕೇಳ್ತೀನಿ, ಕೇಳಿದ್ರೆ ಆ ಯೋಚನೆ ಹುಟ್ಟುತ್ತೆ ಅನ್ನೋದು ಸುಳ್ಳು. ಅವರಿಗೆ ಅಂಥದ್ದಿರ್ಲಿಲ್ಲ, ನಿದ್ದೆ ಮಾತ್ರ ಕೆಟ್ಟಿತ್ತು. ಆದ್ರೆ ಹೊಸ ಕರುನ ಮುಟ್ಟೋದನ್ನೇ ಬಿಟ್ಟಿದ್ರಂತೆ, ಹೇಗೂ ಹೋಗೋದೇ ಅಂತ. ಕಳ್ಕೊಳ್ಳೋಕೆ ಮುಂಚೇನೇ ಶುರುವಾಗೋ ಈ ದುಃಖದ ಬಗ್ಗೆ ಎರಿಕ್ ಲಿಂಡೆಮನ್ ಅನ್ನೋ ಮನೋವೈದ್ಯರು 1944ರಲ್ಲೇ ಬರ್ದಿದ್ರು, ಯುದ್ಧಕ್ಕೆ ಹೋದವರ ಮನೆಯವರನ್ನ ನೋಡಿ. ಇದು ನಿಮ್ಮ ಹಟ ಅಲ್ಲ, ದುಃಖ ಅಂದೆ. ಆವಾಗ ಅತ್ತರು.

ಆಮೇಲೆ ಮಗನ್ನೂ ಕರ್ದು, ಎಷ್ಟು ದನ ಇಟ್ಕೋಬೇಕು ಅನ್ನೋ ಪ್ರಶ್ನೆ ಪಕ್ಕಕ್ಕಿಟ್ಟು, ದಿನದ ಒಂದೊಂದೇ ಕೆಲ್ಸ ಬರೆಸ್ದೆ. ಈ ಕಾಯಿಲೇಲಿ ಕೀಲು ಹಿಡ್ಕೊಳ್ಳೋದು ಬೆಳಗ್ಗೆ ಎದ್ದಾಗ್ಲೇ ಜಾಸ್ತಿ, ಒಂದು ಗಂಟೆಗೂ ಮೀರಿ, ಸರಿಯಾಗಿ ಅದೇ ಹೊತ್ತಿಗೆ ಕೈಯಲ್ಲಿ ಹಾಲು ಕರೆಯೋದು, ನೀರಿನ ಬಕೆಟ್ ಹೊರೋದು, ಸಗಣಿ ಬಾಚೋದು. ಮೇಕೆ ಹಗುರ ಅಂತ ಅವರ ಲೆಕ್ಕ, ನನಗೆ ಹಾಗನ್ಸಲಿಲ್ಲ. ಐದು ತಿಂಗಳಿಗೇ ಈಯುತ್ತೆ, ಎಷ್ಟೋ ಸಲ ಅವಳಿ. ಅಮ್ಮ ಈ ಕೀಲಿನ ಕಾಯಿಲೆಗೆ ವಾರಕ್ಕೊಮ್ಮೆ ಮೆಥೋಟ್ರೆಕ್ಸೇಟ್ ಅನ್ನೋ ಔಷಧಿ ತಗೋತಿದ್ರು, ಅದು ರೋಗನಿರೋಧಕ ಶಕ್ತಿನ ತಗ್ಗಿಸುತ್ತೆ. ಕಂದು ಹಾಕಿದ ಮೇಕೆ, ಅದರ ಮಾಸು ಬರಿಗೈಲಿ ಮುಟ್ಟಿದ್ರೆ ಬ್ರುಸೆಲ್ಲೋಸಿಸ್ ಅನ್ನೋ, ಪ್ರಾಣಿಗಳಿಂದ ಮನುಷ್ಯರಿಗೆ ಬರೋ ಜ್ವರದ ಕಾಯಿಲೆ ಅಂಟಬಹುದು. ಹಿಂಗೆ ಪ್ರಾಣಿಗಳ ಜೊತೆ ಇರ್ತೀನಿ ಅಂತ ಡಾಕ್ಟರ್‌ಗೆ ಹೇಳಿದ್ದೀರಾ ಅಂದ್ರೆ, ಇಲ್ಲ! ಮೊದಲು ಅದನ್ನ ಹೇಳಿ, ಗ್ಲೌಸ್ ಇಲ್ದೇ ಬಾಣಂತನದ ಕೆಲ್ಸ ಬೇಡ ಅಂದೆ.

ನನ್ನ ಸಲಹೆಯಲ್ಲಿ ಮಾರಾಟ ಮೊದಲ್ನೇದಲ್ಲ, ಹೊಸದಾಗಿ ಗಬ್ಬ ಆಗದ ಹಾಗೆ ನೋಡ್ಕೊಳ್ಳೋದು ಮೊದಲು. ಹೋತ ಇಟ್ಕೋಬೇಡಿ, ಹಸುಗೆ ಹೊಸದಾಗಿ ಸೆಮೆನ್ ಹಾಕ್ಸಬೇಡಿ, ಯಾಕಂದ್ರೆ ಇವತ್ತು ಹಾಕ್ಸಿದ್ದು ಒಂಬತ್ತು ತಿಂಗಳಾದ್ಮೇಲೆ ಕೆಲ್ಸವಾಗಿ ಎದುರಿಗೆ ಬಂದು ನಿಲ್ಲುತ್ತೆ, ಆಗ ಕೈ ಹೇಗಿರುತ್ತೋ ಯಾರಿಗ್ಗೊತ್ತು. ಈಗಾಗ್ಲೇ ಗಬ್ಬ ಇರೋದನ್ನ ಒಳ್ಳೇ ಕಡೆ ನೋಡಿ ಕೊಡಿ, ಆಸ್ಪತ್ರೆಗೆ ಸೇರಿದ್ಮೇಲೆ ಗಡಿಬಿಡೀಲಿ ಮಾರಿದ್ರೆ ಕೊಳ್ಳೋರನ್ನ ಆರಿಸೋಕಾಗಲ್ಲ. ಒಂದೇ ಹಸು ಉಳಿಸ್ಕೋಬೇಡಿ, ಒಂಟಿಯಾದ್ರೆ ಕೊರಗುತ್ತೆ, ಎರಡಿರ್ಲಿ. ಬೆಳಗ್ಗೆ ಕರೆಯೋ ಹೊತ್ತನ್ನ ದಿನಾ ಸ್ವಲ್ಪ ಸ್ವಲ್ಪ ಮುಂದಕ್ಕೆ ತಳ್ಳಿ, ಸಂಜೇದನ್ನೂ ಅಷ್ಟೇ, ಹಸು ಹೊಂದ್ಕೊಳ್ಳುತ್ತೆ. ಯಾವ್ದು ಮೊದಲು ಹೋಗ್ಬೇಕು, ಯಾರಿಗೆ ಅನ್ನೋದು ಅಮ್ಮನ ತೀರ್ಮಾನ, ನೀರು ಸಗಣಿ ಮಗನ ಪಾಲು, ಕೇಳ್ದೇ ಮಾರಿದ್ದಕ್ಕೆ ಕ್ಷಮೆನೂ ಅವರ ಪಾಲೇ.

ಮಗ ಒಂದು ಮಾತಂದ್ರು, ಎರಡೇ ಇದ್ರೂ ದಿನಾ ಏಳ್ಲೇಬೇಕಲ್ಲ ಸರ್ ಅಂತ. ನಿಜ, ಅದಕ್ಕೆ ಉತ್ತರ ಇಲ್ಲ, ಅಮ್ಮನಿಗೆ ಬೇಕಾಗಿರೋದೂ ಅದೇ ಅಲ್ವಾ. ಅದಕ್ಕೇ ಯಾವಾಗ ಪೂರ್ತಿ ನಿಲ್ಸೋದು ಅಂತ ಈಗ್ಲೇ ಬರೆದಿಟ್ಕೊಳ್ಳಿ ಅಂದೆ. ಕೊಟ್ಟಿಗೇಲಿ ಬಿದ್ರೆ, ಬಕೆಟ್ ಎತ್ತೋಕಾಗದಿದ್ರೆ ಅಂತ ಮಗ ಬರೆದ್ರು. ಅಮ್ಮ ಬಕೆಟ್ ಹೊಡೆದುಹಾಕಿ, ಅದು ನೀನು ಹೊರೋದು ತಾನೇ ಅಂದ್ರು, ಆ ಜಾಗದಲ್ಲಿ ತಾವೇ ಬರೆಸಿದ್ದು: ಎರಡು ದಿನ ಸತತ ಕೆಚ್ಚಲು ಪೂರ್ತಿ ಕರೆಯೋಕಾಗದಿದ್ರೆ, ಕೆಚ್ಚಲುಬಾವು ಬರೋವರ್ಗೂ ಕಾಯಲ್ಲ, ಕೊಟ್ಟುಬಿಡ್ತೀನಿ.

ಕೊನೇ ಭೇಟಿ ಹೊತ್ತಿಗೆ ಮೇಕೆ ಎಲ್ಲಾ ಹೋಗಿದ್ವು, ಒಂದು ಹಸುನೂ. ಅಮ್ಮನ ನಿದ್ದೆ ಪರವಾಗಿಲ್ಲ. ಮಗ ಕ್ಷಮೆ ಕೇಳಿದ್ರಾ ಅಂದ್ರೆ ಇನ್ನೂ ಇಲ್ವಂತೆ, ಆದ್ರೆ ಸಗಣಿ ತಪ್ಪಿಸಿಲ್ಲ.