ಡೌನ್ ಸಿಂಡ್ರೋಮ್ ಇರೋ ಅಣ್ಣನಿಗೆ ಊಟ, ವ್ಯಾಯಾಮದ ಪಾಠ ಹೇಳಿಕೊಟ್ಟರೆ ಪ್ರಯೋಜನ ಆಗುತ್ತಾ?

ನಿಮ್ಮ ಅಣ್ಣನಿಗೆ ಡೌನ್ ಸಿಂಡ್ರೋಮ್ (ಹುಟ್ಟಿನಿಂದಲೇ ಇರುವ, ಬುದ್ಧಿ ಬೆಳವಣಿಗೆ ನಿಧಾನವಾಗುವ ಸ್ಥಿತಿ) ಇದೆ, ಮೂವತ್ತು ದಾಟಿದೆ, ತೂಕ ಏರುತ್ತಲೇ ಇದೆ ಅಂತ ಬರೆದಿದ್ದೀರಿ. ಇಂಥವರಿಗೆ ವ್ಯಾಯಾಮ, ಆರೋಗ್ಯದ ಪಾಠ ಕಲಿಸುವ ಬಗ್ಗೆ ಚಿಕಾಗೋದ ಪ್ರೊಫೆಸರ್ ಟಮಾರ್ ಹೆಲ್ಲರ್ ಮಾಡಿದ ಸಂಶೋಧನೆಯನ್ನು ಓದಿದ್ದೀರಿ. ಅದೆಲ್ಲ ಬಂಗಾರಪೇಟೆ ಕಡೆಯ ಹಳ್ಳಿಯಲ್ಲಿ ಆಗುವ ಮಾತಾ ಅಂತ ಕೇಳಿದ್ದೀರಿ.

ಆಗುತ್ತದೆ. ಆದರೆ ಅಣ್ಣನಿಗಿಂತ ಮೊದಲು ನಿಮ್ಮ ಅಮ್ಮನನ್ನು ಒಪ್ಪಿಸಬೇಕು.

ನಾನು ಕೋಲಾರದಲ್ಲಿ ಬುದ್ಧಿಮಾಂದ್ಯತೆ ಇರುವ ದೊಡ್ಡವರ ಕೇಂದ್ರವೊಂದರಲ್ಲಿ ಟೀಚರ್. ಡಾಕ್ಟರ್ ಅಲ್ಲ, ಅದನ್ನು ನೆನಪಿಟ್ಟುಕೊಂಡು ಓದಿ.

ಹೆಲ್ಲರ್ ಈ ಸಂಶೋಧನೆ ಮಾಡಿದ್ದು ಚಿಕಾಗೋದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ. ಅವರ ತಂಡ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಡೌನ್ ಸಿಂಡ್ರೋಮ್ ಇರುವ 53 ಜನ ವಯಸ್ಕರಿದ್ದರು. ಒಂದು ಗುಂಪಿಗೆ 12 ವಾರ, ವಾರಕ್ಕೆ 3 ದಿನ ವ್ಯಾಯಾಮ, ಜೊತೆಗೆ ಆರೋಗ್ಯದ ಪಾಠ. ಇನ್ನೊಂದು ಗುಂಪಿಗೆ ಏನೂ ಇಲ್ಲ. ಕೊನೆಗೆ ಪಾಠ ಕಲಿತವರಲ್ಲಿ 'ಇದು ನನ್ನ ಕೈಲಾಗುತ್ತೆ' ಅನ್ನುವ ಧೈರ್ಯ ಹೆಚ್ಚಿತ್ತು, ಬದುಕಿನ ಬಗ್ಗೆ ತೃಪ್ತಿಯೂ ಹೆಚ್ಚಿತ್ತು. ಅದೇ ಸುಮಾರಿಗೆ ಸಂಶೋಧಕ ಜೇಮ್ಸ್ ರಿಮ್ಮರ್ ಜೊತೆ ಮಾಡಿದ ಅಧ್ಯಯನದಲ್ಲಿ ದಮ್ಮು, ಕೈಕಾಲಿನ ಶಕ್ತಿ ಚೆನ್ನಾಗಿ ಸುಧಾರಿಸಿತು. ತೂಕ ಇಳಿದದ್ದು ಮಾತ್ರ ಸ್ವಲ್ಪವೇ. ಅದಕ್ಕೇ ಹೇಳೋದು, ತೂಕದ ಮೆಷಿನ್ ಒಂದನ್ನೇ ನೋಡ್ತಾ ಕೂತರೆ ತಿಂಗಳೊಳಗೆ ಕೈಬಿಡುತ್ತೀರಿ. ಮೆಟ್ಟಿಲು ಹತ್ತುವಾಗ ಏದುಸಿರು ಕಡಿಮೆ ಆಯ್ತಾ ನೋಡಿ.

ನನಗೆ ಇದಕ್ಕಿಂತ ಮುಖ್ಯ ಅನ್ನಿಸಿದ್ದು ಹೆಲ್ಲರ್ ಅವರದೇ 2002ರ ಅಧ್ಯಯನ. ಅದು ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲು ಆಡಿಸೋಕೆ ಕಷ್ಟವಾಗುವ ಸ್ಥಿತಿ) ಇರುವ ವಯಸ್ಕರ ಮೇಲೆ ಮಾಡಿದ್ದು. ಒಬ್ಬ ವ್ಯಕ್ತಿ ವ್ಯಾಯಾಮ ಮಾಡುತ್ತಾನಾ ಇಲ್ಲವಾ ಅನ್ನುವುದು, ನೋಡಿಕೊಳ್ಳುವವರಿಗೆ ಅದರಿಂದ ಉಪಯೋಗ ಇದೆ ಅಂತ ಎಷ್ಟು ನಂಬಿಕೆ ಇದೆ ಅನ್ನುವುದರ ಮೇಲೆ ಬಹಳವಾಗಿ ನಿಂತಿತ್ತು.

ನಮ್ಮ ಕಡೆ ಆ ನಂಬಿಕೆ ಎಲ್ಲಿ ಸಿಕ್ಕಿಹಾಕಿಕೊಂಡಿದೆ ಗೊತ್ತಾ? 'ಪಾಪ, ಅವನಿಗೆ ಇನ್ನೇನು ಸುಖ ಇದೆ, ತಿನ್ಲಿ ಬಿಡಿ' ಅನ್ನುವ ಮಾತಿನಲ್ಲಿ. ಅಜ್ಜಿ ಬನ್ನು ಕೊಡುತ್ತಾರೆ, ಚಿಕ್ಕಪ್ಪ ಬಂದಾಗ ಪಫ್ಸ್ ತರುತ್ತಾರೆ, ಎದುರು ಮನೆಯವರು ಕರೆದು ಬಿಸ್ಕತ್ತು ಕೈಗಿಡುತ್ತಾರೆ. ಎಲ್ಲವೂ ಪ್ರೀತಿಯೇ. ಆದರೆ ಅವನಿಗೆ ಕೆಲಸ ಕೊಡೋರು ಯಾರೂ ಇಲ್ಲ. ಬೈದು ತಟ್ಟೆ ಕಿತ್ತುಕೊಂಡರೂ ಪ್ರಯೋಜನ ಇಲ್ಲ, ಕದ್ದು ತಿನ್ನುವುದನ್ನು ಕಲಿಯುತ್ತಾನೆ ಅಷ್ಟೇ.

ನಮ್ಮಲ್ಲಿಗೆ ಬರುವ ಒಬ್ಬ ಹುಡುಗನ ಮನೆಯಲ್ಲಿ ಎರಡು ಸೀಮೆಹಸು ಇವೆ. ಬೆಳಿಗ್ಗೆ, ಸಂಜೆ ಅಪ್ಪನ ಜೊತೆ ಡೇರಿಗೆ ಹಾಲು ಹಾಕೋಕೆ ನಡೆದೇ ಹೋಗುತ್ತಾನೆ. ಖಾಲಿ ಕ್ಯಾನು, ಪಾಸ್ ಪುಸ್ತಕ ಎರಡೂ ಅವನ ಜವಾಬ್ದಾರಿ. ಸೆಕ್ರೆಟರಿ ಬರೆಯುವವರೆಗೂ ಪುಸ್ತಕ ಬಿಡಲ್ಲ, ಬರೆದದ್ದನ್ನು ಮುಖದ ಹತ್ತಿರ ಹಿಡಿದು ನೋಡಿಯೇ ಜೇಬಿಗೆ ಹಾಕೋದು. ಇದನ್ನು ವ್ಯಾಯಾಮ ಅಂತ ಹೇಳಿದ್ದರೆ ಅವನು ಗೇಟಿನ ತನಕವೂ ಬರುತ್ತಿರಲಿಲ್ಲ. ನಿಮ್ಮ ಮನೆಯಲ್ಲಿ ಹಸು ಇಲ್ಲದಿದ್ದರೆ ಅಂಗಡಿಗೆ ಕಳಿಸಿ, ನೀರಿನ ಘಟಕಕ್ಕೆ ಜೊತೆಗೆ ಕರೆದುಕೊಂಡು ಹೋಗಿ ನಾಣ್ಯ ಅವನ ಕೈಯಲ್ಲೇ ಹಾಕಿಸಿ. ತುಂಬಿದ ಕ್ಯಾನು ಮಾತ್ರ ಅವನಿಗೆ ಹೊರಿಸಬೇಡಿ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಪಾಠ ಅಂದರೆ ಭಾಷಣ ಅಲ್ಲ. ಸಕ್ಕರೆ ಕಾಯಿಲೆ ಬರುತ್ತೆ ಅಂತ ಹೆದರಿಸಿದರೆ ನಾಟುವುದಿಲ್ಲ. ನಾವು ಟೀ ಲೋಟದ ಪಕ್ಕ ಸಕ್ಕರೆ ಡಬ್ಬ, ಚಿಕ್ಕ ಚಮಚ ಇಟ್ಟು ಅವರಿಗೇ ಹಾಕಿಕೊಳ್ಳೋಕೆ ಬಿಡುತ್ತೇವೆ. ಒಂದು ಚಮಚದ ಚಿತ್ರ ಡಬ್ಬದ ಮೇಲೆ ಅಂಟಿಸಿದೆ. ಮುದ್ದೆ ದೊಡ್ಡದಾ ಚಿಕ್ಕದಾ, ಇನ್ನೊಂದು ಸೌಟು ಬಸ್ಸಾರು ಬೇಕಾ, ಅವರೇ ಹೇಳಬೇಕು. ಆರಿಸಿಕೊಂಡವರು ಆಮೇಲೆ ಹಠ ಮಾಡುವುದು ಕಡಿಮೆ.

ಇಷ್ಟಕ್ಕೂ ಮೊದಲು ಒಮ್ಮೆ ಆಸ್ಪತ್ರೆಗೆ ಹೋಗಲೇಬೇಕು. ಡೌನ್ ಸಿಂಡ್ರೋಮ್ ಇರುವವರಲ್ಲಿ ಥೈರಾಯ್ಡ್ ತೊಂದರೆ ಜಾಸ್ತಿ. ತೂಕ ಏರೋದಕ್ಕೆ ಅದೇ ಕಾರಣ ಆಗಿದ್ದರೆ ನೀವು ಎಷ್ಟು ನಡೆಸಿದರೂ ಅಷ್ಟೇ. ಥೈರಾಯ್ಡ್ ನೋಡುವ ಟಿಎಸ್‌ಎಚ್ ರಕ್ತ ಪರೀಕ್ಷೆ ಮಾಡಿಸಿ. ಗೊರಕೆ ಹೊಡೆದು ಹಗಲೆಲ್ಲ ತೂಕಡಿಸುತ್ತಾರಾ? ಅದನ್ನು ಸೋಮಾರಿತನ ಅಂತ ತಳ್ಳಿಹಾಕಬೇಡಿ, ನಿದ್ದೆಯಲ್ಲಿ ಉಸಿರು ಕಟ್ಟುತ್ತಿರಬಹುದು. ಹೃದಯ, ಕತ್ತಿನ ಮೂಳೆ ಎರಡನ್ನೂ ತೋರಿಸಿ. ಕೆಲವರಿಗೆ ಕತ್ತಿನ ಮೇಲಿನ ಎರಡು ಮೂಳೆಗಳ ಕೀಲು ಸಡಿಲ ಇರುತ್ತದೆ. ತಲೆ ಮೇಲೆ ಭಾರ, ಲಾಗ, ಶೀರ್ಷಾಸನ ಬೇಡ ಅನ್ನೋದು ಅದಕ್ಕೇ. ನಿದ್ದೆಗೋ ಕೋಪಕ್ಕೋ ಮಾತ್ರೆ ಕೊಡುತ್ತಿದ್ದರೆ ಅದನ್ನೂ ಡಾಕ್ಟರಿಗೆ ತೋರಿಸಿ. ರಿಸ್ಪೆರಿಡೋನ್, ಓಲಾಂಜಪಿನ್ ಥರದ ಔಷಧಿಗಳು ತೂಕ ಏರಿಸುತ್ತವೆ. ಆದರೆ ಡಾಕ್ಟರನ್ನು ಕೇಳದೆ ನೀವೇ ನಿಲ್ಲಿಸಬೇಡಿ.

ಇನ್ನೊಂದು ವಿಷಯ. ಇಂಥವರ ನೋವು ಎಷ್ಟೋ ಸಲ 'ಬುದ್ಧಿಮಾಂದ್ಯ ಅಲ್ವಾ, ಹಂಗೇ ಆಡ್ತಾರೆ' ಅನ್ನುವುದರ ಕೆಳಗೆ ಮುಚ್ಚಿಹೋಗುತ್ತದೆ. ಕೆನ್ನೆ ಹೊಡೆದುಕೊಳ್ಳುತ್ತಿದ್ದ ಹೆಣ್ಣುಮಗಳೊಬ್ಬಳನ್ನು ಮನೆಯವರು ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ ಬಂದಿದ್ದರು. ದವಡೆ ಹಲ್ಲು ಹುಳುಕಾಗಿ ಕೀವು ತುಂಬಿತ್ತು. ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. ಬ್ರಿಸ್ಟಲ್ ವಿಶ್ವವಿದ್ಯಾಲಯದವರು 2013ರಲ್ಲಿ ಕೊಟ್ಟ ವರದಿಯ ಪ್ರಕಾರ ಇಂಗ್ಲೆಂಡಿನಲ್ಲೂ ಬುದ್ಧಿಮಾಂದ್ಯತೆ ಇರುವ ಗಂಡಸರು ಉಳಿದವರಿಗಿಂತ ಸರಾಸರಿ 13 ವರ್ಷ, ಹೆಂಗಸರು 20 ವರ್ಷ ಮೊದಲೇ ಸಾಯುತ್ತಿದ್ದರು. ಕಾಯಿಲೆ ಪತ್ತೆಯಾಗೋದು, ಚಿಕಿತ್ಸೆ ಸಿಗೋದು ತಡವಾಗುತ್ತಿದ್ದದ್ದು ಅದಕ್ಕೆ ಒಂದು ದೊಡ್ಡ ಕಾರಣ.

ರಕ್ತ ಪರೀಕ್ಷೆಗೆ ಹೆದರುತ್ತಾರೆ ಅನ್ನಿಸಿದರೆ ಒಂದು ವಾರ ಮನೆಯಲ್ಲೇ ಆಟ ಆಡಿಸಿ. ತೋಳಿಗೆ ದುಪ್ಪಟ್ಟಾ ಬಿಗಿದು, ಮುಷ್ಟಿ ಹಿಡಿಸಿ, ಹತ್ತಿಯಲ್ಲಿ ಒರೆಸಿ, ಬಿಚ್ಚಿಬಿಡಿ. ಮೊದಲು ನಿಮ್ಮ ತೋಳಿಗೆ, ಆಮೇಲೆ ಅವರ ತೋಳಿಗೆ. ನಮ್ಮಲ್ಲಿ ಇದರಿಂದ ಅರ್ಧ ಗಲಾಟೆ ತಪ್ಪಿದೆ.

ಖರ್ಚಿನ ಮಾತು: ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಸಿಗುತ್ತದೆ, ಸೇರುವಾಗ ಮೆಡಿಕಲ್ ಟೆಸ್ಟ್ ಕೇಳುವುದಿಲ್ಲ. ಅಂಗವೈಕಲ್ಯ ಪ್ರಮಾಣಪತ್ರ ಬೇಕು. ನಿಮ್ಮ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಅವರನ್ನು ಹಿಡಿಯಿರಿ, ಕಾಗದ ಪತ್ರದ ದಾರಿ ಅವರಿಗೆ ಗೊತ್ತಿರುತ್ತದೆ.

ಆಸ್ಪತ್ರೆಗೆ ಹೋಗುವ ದಿನ ಅಮ್ಮನನ್ನೂ ಜೊತೆಗೆ ಕರೆದುಕೊಂಡು ಹೋಗಿ. ಡಾಕ್ಟರ ಬಾಯಿಂದಲೇ ಅವರು ಕೇಳಲಿ. ಹಾಗೇ ಅವರ ಬಿಪಿ, ಶುಗರೂ ನೋಡಿಸಿಬಿಡಿ. ಇಷ್ಟು ವರ್ಷ ಮಗನನ್ನು ನೋಡಿಕೊಂಡವರು ತಮ್ಮದನ್ನು ನೋಡಿಸಿರೋದು ಅನುಮಾನ.